ಕಲಿಕೆಯ ಲೆಕ್ಕ, ಚಂದಾದ ಲೆಕ್ಕ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಿದ ಮನೆ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಒಂದು ಮನೆಯಲ್ಲಿ ಪಿಯುಸಿ ಮಗಳಿಗೆ ನೀಟ್ ತಯಾರಿ, ಪಕ್ಕದ ಮನೆಯಲ್ಲಿ ಬಿಕಾಂ ಓದುವ ಹುಡುಗನಿಗೆ ಸಿಎ, ಅದರಾಚೆ ಬ್ಯಾಂಕ್ ಪರೀಕ್ಷೆ, ಹೊಲಿಗೆ, ಕೇಕ್ ಮಾಡುವುದು, ಸಂಗೀತ. ದುಬೈಯಲ್ಲೋ ಮುಂಬಯಿಯಲ್ಲೋ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಊರಿನ ಗುರುಗಳಿಂದ ವಿಡಿಯೊ ಕರೆಯಲ್ಲಿ ಯಕ್ಷಗಾನದ ಹೆಜ್ಜೆ. ಕೋರ್ಸು ಯಾವುದೇ ಇರಲಿ, ಅದನ್ನು ನಡೆಸುವ ತಾಣ ಎರಡು ಲೆಕ್ಕ ಇಟ್ಟಿರುತ್ತದೆ. ಸದಸ್ಯರು ಎಲ್ಲಿಯವರೆಗೆ ಕಲಿತರು ಎನ್ನುವುದು ಒಂದು. ಅವರ ಚಂದಾ ಯಾವಾಗ ಮುಗಿಯುತ್ತದೆ, ಮತ್ತೆ ಕಟ್ಟುತ್ತಾರೋ ಇಲ್ಲವೋ ಎನ್ನುವುದು ಇನ್ನೊಂದು.

ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪುವುದು ಅಪರೂಪ. ಮೂರನೆಯ ಪಾಠದಲ್ಲೇ ನಿಂತುಹೋದ ಹುಡುಗನಿಗೂ ಕೊನೆಯ ಪಾಠ ಮುಗಿಸಿದ ಹುಡುಗಿಗೂ ಒಂದೇ ಒಕ್ಕಣೆಯ ನವೀಕರಣದ ಸಂದೇಶ ಹೋಗುತ್ತದೆ. ಕಲಿಸುವವರು ಹಣದ ಲೆಕ್ಕವನ್ನು ನೋಡುವುದಿಲ್ಲ, ಹಣ ಕೇಳುವವರು ಕಲಿಕೆಯ ಲೆಕ್ಕವನ್ನು ನೋಡುವುದಿಲ್ಲ. ತಾಣದವರು ಏನನ್ನು ‘ಪ್ರಗತಿ’ ಎಂದು ಎಣಿಸುತ್ತಿದ್ದಾರೆ, ಯಾವಾಗ ಮತ್ತು ಹೇಗೆ ಹಣ ಕೇಳುತ್ತಿದ್ದಾರೆ, ಕಾನೂನು ಏನು ಹೇಳುತ್ತದೆ, ನಮ್ಮ ಕಡೆಯ ಬದುಕಿಗೆ ಇದೆಲ್ಲ ಎಷ್ಟು ಒಗ್ಗುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಕಲಿಕೆಯ ಲೆಕ್ಕ ಒಪ್ಪಿಸಿದ ಮೇಲೆಯೇ ಚಂದಾದ ಮಾತು ಎತ್ತಬೇಕು.

ಮೇಳದಲ್ಲಿ, ರಾತ್ರಿ ಶಾಲೆಯಲ್ಲಿ

ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಡುವುದು ಕರಾವಳಿಗೆ ಹೊಸತಲ್ಲ. ಯಕ್ಷಗಾನದ ಬಡಗುತಿಟ್ಟಿನ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ಕುಣಿಯುತ್ತಿದ್ದ. ಆಮೇಲೆ ಬಾಲಗೋಪಾಲ, ಅದರ ಮೇಲೆ ಪೀಠಿಕೆಯ ಸ್ತ್ರೀವೇಷ. ಪೂರ್ವರಂಗದಲ್ಲಿ ಕಾಲು ಗಟ್ಟಿಯಾದ ಮೇಲೆ ಪ್ರಸಂಗದ ಸಣ್ಣ ಪಾತ್ರಗಳು ಸಿಗುತ್ತಿದ್ದವು. ಒಂದು ಮೆಟ್ಟಿಲು ಹತ್ತಬೇಕಾದರೆ ಭಾಗವತರಿಗೆ, ಹಿರಿಯ ವೇಷಧಾರಿಗಳಿಗೆ ಅವನ ಮೇಲೆ ನಂಬಿಕೆ ಬರಬೇಕಿತ್ತು. ಆ ನಂಬಿಕೆಯ ಪರೀಕ್ಷೆ ನಡೆಯುತ್ತಿದ್ದುದು ಪ್ರೇಕ್ಷಕರ ಎದುರಿಗೆ. ಇಷ್ಟು ತಾಸು ಅಭ್ಯಾಸ ಮಾಡಿದ್ದೇನೆ ಎಂದು ಹೇಳಿ ಯಾರೂ ಕೋಡಂಗಿಯಿಂದ ಬಾಲಗೋಪಾಲನಾಗಿ ಬಡ್ತಿ ಪಡೆಯಲಿಲ್ಲ.

ಹಣದ ಲೆಕ್ಕವೂ ಇದರೊಂದಿಗೇ ಸಾಗುತ್ತಿತ್ತು. ಮೇಳದ ಕಲಾವಿದರು ಅನುಭವವನ್ನು ಎಣಿಸುವುದು ತಿರುಗಾಟದಲ್ಲಿ. ಮಳೆ ಹಿಡಿಯುವ ಮೊದಲು ತಿರುಗಾಟ ಮುಗಿಯುತ್ತದೆ. ಮುಂದಿನ ತಿರುಗಾಟ ಅದೇ ಮೇಳದಲ್ಲೋ ಬೇರೆ ಮೇಳದಲ್ಲೋ ಎಂಬ ಮಾತುಕತೆ ಆಮೇಲೆ. ವರ್ಷಪೂರ್ತಿ ರಂಗದಲ್ಲಿ ಏನು ಕಂಡಿತೋ ಅದರ ಮೇಲೆ ಮುಂದಿನ ವರ್ಷದ ಒಪ್ಪಂದ. 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರ, 1975ರಲ್ಲಿ ಶುರುವಾದ ಸಾಲಿಗ್ರಾಮ ಮಕ್ಕಳ ಮೇಳ ಕಲಿಕೆಯನ್ನು ಮೇಳದ ಹೊರಗೆ ತಂದವು. ಆದರೂ ರಂಗಕ್ಕೆ ಬಂದು ತೋರಿಸಬೇಕೆಂಬ ನಿಯಮ ಸಡಿಲವಾಗಲಿಲ್ಲ. ಇವತ್ತು ಶಾಲಾ ಮಕ್ಕಳ ಯಕ್ಷಗಾನ ತರಗತಿಗಳು ಕಿಶೋರ ಯಕ್ಷಗಾನ ಸಂಭ್ರಮದ ವೇದಿಕೆಯಲ್ಲಿ ಕೊನೆಗೊಳ್ಳುವುದೂ ಇದೇ ಕ್ರಮದಲ್ಲಿ.

ಇನ್ನೊಂದು ಉದಾಹರಣೆ ಮುಂಬಯಿಯದು. ಕುಂದಾಪುರ ಕಡೆಯಿಂದ ಹೋಟೆಲ್ ಕೆಲಸಕ್ಕೆ ಹೋದ ಹುಡುಗರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದದ್ದು ನಮ್ಮ ಮನೆಮನೆಯ ಕತೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಈ ಕೆಲಸಕ್ಕೆ ನಿಂತವು. ದುಡಿದು ದಣಿದ ಹುಡುಗ ಓದು ಬಿಡದೆ ಇರಲು ಎರಡು ಕಾರಣ. ಶಾಲೆಯ ಹೊತ್ತು ಅವನ ಕೆಲಸದ ಹೊತ್ತಿಗೆ ಹೊಂದಿಕೊಂಡಿತ್ತು; ನಾಲ್ಕು ದಿನ ಬಾರದಿದ್ದರೆ ಊರಿನವರೇ ಆದ ಮೇಷ್ಟ್ರು ಹೋಟೆಲಿಗೆ ಹೇಳಿ ಕಳಿಸಬಲ್ಲವರಾಗಿದ್ದರು.

ಹಣದ ಕಡೆಯಿಂದ ನೋಡಿದರೆ ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾಯಿತು. 1928ರಲ್ಲಿ ಅದು ತಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಾ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. 2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಪದ್ಧತಿ ಮಾತ್ರ ನಮ್ಮ ಸಹಕಾರಿ ಸಂಘಗಳಲ್ಲಿ ಇನ್ನೂ ಇದೆ. ಅಲ್ಲಿ ಪ್ರತಿ ಕಂತೂ ಕಟ್ಟುವವರ ಕಣ್ಣೆದುರೇ ಲೆಕ್ಕಕ್ಕೆ ಸೇರುತ್ತದೆ. ಕಟ್ಟಿದವರಿಗೆ ಗೊತ್ತಿಲ್ಲದೆ ಒಂದು ಪೈಸೆಯೂ ಹೋಗುವುದಿಲ್ಲ.

ಪಟ್ಟಿ ತುಂಬಿದರೆ ಪಾಠ ಬಂದಂತೆಯೇ?

ದೂರದಿಂದ ಕಲಿಸುವುದರ ಇತಿಹಾಸದಲ್ಲೂ ಮೊದಲು ಇದ್ದದ್ದು ತಿದ್ದುವ ಕೈ. 1840ರಲ್ಲಿ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಲು ಹೊರಟಾಗ, ವಿದ್ಯಾರ್ಥಿ ಬರೆದು ಕಳಿಸಿದ್ದನ್ನು ತಿದ್ದಿ ವಾಪಸು ಕಳಿಸುವುದೇ ಪಾಠವಾಗಿತ್ತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕೆಲಸ ಬಿಡದೆ ಪದವಿ ಪಡೆದ ಕರಾವಳಿಯ ಎಷ್ಟೋ ಶಿಕ್ಷಕರು, ಗುಮಾಸ್ತರು ಆ ದಾರಿಯಲ್ಲಿ ನಡೆದವರು.

ಕಂಪ್ಯೂಟರ್ ಬಂದ ಮೇಲೆ ತಿದ್ದುವ ಕೈಯ ಜಾಗಕ್ಕೆ ಎಣಿಸುವ ಯಂತ್ರ ಬಂತು. 2000ದ ಸುಮಾರಿಗೆ ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಿಂದ ರೂಪುಗೊಂಡ ಸ್ಕಾರ್ಮ್ ಎಂಬ ಮಾನದಂಡ, ಪಾಠ ಯಾವ ಹಂತದಲ್ಲಿದೆ ಎಂದು ತಾಣಕ್ಕೆ ತಿಳಿಸುವ ಕ್ರಮವನ್ನು ಹಾಕಿಕೊಟ್ಟಿತು. ಅದರ 1.2ನೆಯ ಆವೃತ್ತಿಯಲ್ಲಿ ‘ಮುಗಿಸಿದ್ದಾರೆ’ ಎನ್ನುವುದೂ ‘ಪಾಸಾಗಿದ್ದಾರೆ’ ಎನ್ನುವುದೂ ಒಂದೇ ಖಾನೆಯಲ್ಲಿ ಬೀಳುತ್ತಿದ್ದವು. ಎರಡೂ ಬೇರೆ ಎಂಬುದು ಅರಿವಾಗಿ 2004ರ ಆವೃತ್ತಿಯಲ್ಲಿ ಎರಡು ಖಾನೆ ಮಾಡಿದರು. ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಬಿಡುಗಡೆ ಮಾಡಿದ, ಇವತ್ತು ಜಗತ್ತಿನಾದ್ಯಂತ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಮೂಡಲ್ ತಂತ್ರಾಂಶದಲ್ಲೂ ಒಂದು ಪಾಠ ಯಾವಾಗ ‘ಮುಗಿಯಿತು’ ಎಂದು ನಿರ್ಧರಿಸುವವರು ಶಿಕ್ಷಕರೇ. ತೆರೆದು ನೋಡಿದರೆ ಸಾಕು ಎನ್ನಬಹುದು, ಇಷ್ಟು ಅಂಕ ಬೇಕು ಎನ್ನಲೂಬಹುದು.

ಅಂದರೆ ಯಂತ್ರಕ್ಕೆ ವ್ಯತ್ಯಾಸ ಗೊತ್ತು. ನಾವು ಅದನ್ನು ಕೇಳುವುದಿಲ್ಲ, ಅಷ್ಟೆ. ಹೆಚ್ಚಿನ ತಾಣಗಳಲ್ಲಿ ಪ್ರಗತಿ ತೋರಿಸುವ ಹಸಿರು ಪಟ್ಟಿ ತುಂಬುವುದು ವಿಡಿಯೊ ಕೊನೆಯವರೆಗೆ ಓಡಿದಾಗ. ಫೋನನ್ನು ಓಡಲು ಬಿಟ್ಟು ಹಿತ್ತಲಲ್ಲಿ ಬಟ್ಟೆ ಒಣಗಿಸಿ ಬಂದರೂ ಪಟ್ಟಿ ತುಂಬಿರುತ್ತದೆ. ಗಮನವಿಟ್ಟು ನೋಡಿದರೂ, ನೋಡಿದ್ದು ಉಳಿಯುತ್ತದೆಂಬ ಖಾತ್ರಿ ಇಲ್ಲ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಗದ್ಯಭಾಗವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಒಮ್ಮೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ಎರಡು ಸಲ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 42, ಬರೆದವರಿಗೆ ಶೇ. 56. ಪಟ್ಟಿ ತುಂಬಿದ ದಿನದ ಲೆಕ್ಕವನ್ನೇ ಪ್ರಗತಿ ಎಂದು ನಂಬುವ ತಾಣ, ಆ ಐದನೆಯ ನಿಮಿಷದಲ್ಲಿ ನಿಂತುಬಿಟ್ಟಿದೆ.

ಯಕ್ಷಗಾನದಂಥ ಕಲೆಯಲ್ಲಿ ತೊಡಕು ಇನ್ನೂ ಒಂದಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಾಗ ಕಲಾವಿದರು, ಗುರುಗಳು ವಿಡಿಯೊ ಕರೆಯತ್ತ ತಿರುಗಿದರು. ಒಟ್ಟಿಗೆ ನುಡಿಸುವವರಿಗೆ ಪರಸ್ಪರ ದನಿ ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕಿಂತ ತಡವಾಗಿ ಕೇಳಿಸತೊಡಗಿದರೆ ಲಯ ಹಿಡಿಯುವುದು ಕಷ್ಟ. ಸಾಮಾನ್ಯ ವಿಡಿಯೊ ಕರೆಯಲ್ಲಿ ತಡ ಅದಕ್ಕಿಂತ ಎಷ್ಟೋ ಹೆಚ್ಚು. ಗುರುಗಳು ಇಲ್ಲಿ ತಾಳ ಹಾಕಿದರೆ ಶಿಷ್ಯ ಅಲ್ಲಿ ಹೆಜ್ಜೆ ಇಡುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಹಾಗಾಗಿ ಶಿಷ್ಯ ತನ್ನ ಕಡೆಯ ತಾಳಕ್ಕೆ ಕುಣಿದು, ಅದನ್ನು ರೆಕಾರ್ಡ್ ಮಾಡಿ ಕಳಿಸಿ, ಗುರುಗಳು ನೋಡಿ ತಿದ್ದುವ ಕ್ರಮವೇ ಹೆಚ್ಚು ಪ್ರಯೋಜನದ್ದು. ತೊಡಕು ಹೀಗೆ ವರವಾಗುತ್ತದೆ: ಜೂನಿನ ರೂಪಕ ತಾಳದ ಹೆಜ್ಜೆಯನ್ನೂ ಡಿಸೆಂಬರಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಗತಿಗೆ ಬೇರೆ ಪುರಾವೆ ಬೇಡ.

ಕೊನೆಯವರೆಗೆ ಉಳಿಯುವವರು

ಆನ್‌ಲೈನ್ ಕೋರ್ಸುಗಳ ದೊಡ್ಡ ಅಲೆ ಎದ್ದದ್ದು 2011ರಲ್ಲಿ. ಸ್ಟ್ಯಾನ್‌ಫರ್ಡಿನ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಪಾಠವನ್ನು ಎಲ್ಲರಿಗೂ ತೆರೆದಾಗ ಸುಮಾರು 1.6 ಲಕ್ಷ ಜನ ಹೆಸರು ಬರೆಸಿದರು. ಮುಗಿಸಿದವರು 23 ಸಾವಿರದಷ್ಟು. ಮುಂದೆ ಆ ಪ್ರಮಾಣ ಇನ್ನೂ ಇಳಿಯಿತು. ಹಾರ್ವರ್ಡ್ ಮತ್ತು ಎಂಐಟಿ ಕೋರ್ಸುಗಳ ಆರು ವರ್ಷದ ಅಂಕಿ ಅಂಶಗಳನ್ನು ಜಸ್ಟಿನ್ ರೈಕ್ ಮತ್ತು ಹೋಸೆ ರುಯಿಪೆರೆಸ್-ವಲಿಯೆಂತೆ ‘ಸೈನ್ಸ್’ ಪತ್ರಿಕೆಯಲ್ಲಿ 2019ರ ಜನವರಿಯಲ್ಲಿ ಪ್ರಕಟಿಸಿದರು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೋರ್ಸಿನ ಒಳಗೆ ಕಾಲಿಟ್ಟೇ ಇರಲಿಲ್ಲ. 2017–18ರಲ್ಲಿ ಮುಗಿಸಿದವರು ನೂರಕ್ಕೆ ಮೂವರು ಚಿಲ್ಲರೆ. ಪ್ರಮಾಣಪತ್ರಕ್ಕಾಗಿ ಹಣ ಕಟ್ಟಿದವರಲ್ಲಿ ಮಾತ್ರ ಶೇ. 46 ಜನ ಮುಗಿಸಿದ್ದರು.

ಈ ಕೊನೆಯ ಸಂಖ್ಯೆಯನ್ನು ಹಿಡಿದು, ಹಣ ಕಟ್ಟಿಸಿದರೆ ಕಲಿಯುತ್ತಾರೆ ಎನ್ನುವ ವ್ಯಾಪಾರಿಗಳಿದ್ದಾರೆ. ಅದು ಪೂರ್ತಿ ನಿಜವಲ್ಲ. ಮುಗಿಸುವ ಹಟವಿದ್ದವರೇ ಹಣ ಕಟ್ಟಲು ಮುಂದಾಗಿರುತ್ತಾರೆ. ಹಣ ಕಟ್ಟಿಯೂ ಅರ್ಧಕ್ಕಿಂತ ಹೆಚ್ಚು ಜನ ಮುಗಿಸಲಿಲ್ಲ ಎನ್ನುವುದೂ ಅದೇ ಸಂಖ್ಯೆಯೊಳಗೆ ಅಡಗಿದೆ.

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಕ್ರಮ ಇಲ್ಲಿ ಗಮನಿಸಬೇಕಾದ್ದು. ಪಾಠ ಉಚಿತ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಶುಲ್ಕ ಪರೀಕ್ಷೆಗೆ ಮಾತ್ರ. ಕಲಿಯಲು ಶುರುಮಾಡಿ, ತನ್ನಿಂದಾಗುತ್ತದೆ ಎಂದು ಗೊತ್ತಾದ ಮೇಲೆ ವಿದ್ಯಾರ್ಥಿ ಹಣ ಕಟ್ಟುತ್ತಾನೆ. ಹಣ ಮೊದಲು, ಕಲಿಕೆ ಆಮೇಲೆ ಎಂಬ ಮಾರುಕಟ್ಟೆಯ ಕ್ರಮವನ್ನು ಇದು ತಿರುಗಿಸಿ ಹಾಕಿದೆ.

ಕರ್ನಾಟಕ ಸರ್ಕಾರವೂ ಈ ದಾರಿಯಲ್ಲಿ ಒಂದಷ್ಟು ನಡೆದಿದೆ. 2020ರ ಏಪ್ರಿಲಿನಲ್ಲಿ ಸಿಇಟಿ, ನೀಟ್ ತಯಾರಿಗೆಂದು ‘ಗೆಟ್ ಸಿಇಟಿ ಗೋ’ ಬಂತು. 2021ರ ಫೆಬ್ರವರಿಯಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ ಬಂತು. ಬೈಂದೂರು, ಶಂಕರನಾರಾಯಣ, ಕೋಟ ಪಡುಕರೆಯಂಥ ಊರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟೇ ಇಂಥವನ್ನು ರೂಪಿಸಬೇಕು. ಯಾಕೆಂದರೆ ಹೆದ್ದಾರಿಯ ಬದಿಯಲ್ಲಿ ಸಿಗುವ ನೆಟ್‌ವರ್ಕ್ ಘಟ್ಟದ ಬುಡದ ಹಳ್ಳಿಯಲ್ಲಿ ಸಿಗುವುದಿಲ್ಲ. ಅಲ್ಲಿನ ಹುಡುಗಿ ಪಾಠವನ್ನು ಕಾಲೇಜಿನಲ್ಲೇ ಇಳಿಸಿಕೊಂಡು ಮನೆಯಲ್ಲಿ ನೋಡುತ್ತಾಳೆ. ಇಳಿಸಿಕೊಂಡು ನೋಡಿದ್ದನ್ನು ಎಣಿಸದ ತಾಣದ ದೃಷ್ಟಿಯಲ್ಲಿ ಅವಳು ಏನನ್ನೂ ಕಲಿತಿಲ್ಲ. 2020ರ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತ ಸರ್ಕಾರದ ವಿದ್ಯಾಗಮ ಯೋಜನೆ, ಶಿಕ್ಷಕರನ್ನೇ ಮಕ್ಕಳಿರುವ ಕೇರಿಗೆ ಕಳಿಸಿತ್ತು. ಸೋಂಕಿನ ಭಯದಿಂದ ನಿಲ್ಲಿಸಬೇಕಾಗಿ ಬಂದರೂ, ಯಾವ ಮಗು ಎಲ್ಲಿ ಹಿಂದುಳಿದಿದೆ ಎಂಬುದು ಎದುರು ಕೂತಾಗ ತಿಳಿದಷ್ಟು ಪರದೆಯಿಂದ ತಿಳಿಯುವುದಿಲ್ಲ ಎಂಬುದನ್ನು ಅದು ತೋರಿಸಿತು.

ಮರೆವಿನ ಮೇಲೆ ನಡೆಯುವ ವ್ಯಾಪಾರ

ಇನ್ನು ಚಂದಾದ ಲೆಕ್ಕ. ಸದಸ್ಯರು ಮರೆತಿರುವುದರಿಂದಲೇ ಲಾಭ ಮಾಡುವ ವ್ಯಾಪಾರವೊಂದಿದೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಅಮೆರಿಕದ ವ್ಯಾಯಾಮಶಾಲೆಗಳ ಸದಸ್ಯರ ಬಗ್ಗೆ ಪ್ರಕಟಿಸಿದ ಅಧ್ಯಯನ ಅರ್ಥಶಾಸ್ತ್ರದಲ್ಲಿ ಹೆಸರಾಗಿದೆ. ಪ್ರತಿ ಭೇಟಿಗೆ 10 ಡಾಲರ್ ಕೊಟ್ಟು ಹೋಗಬಹುದಾಗಿದ್ದ ಕಡೆ, ತಿಂಗಳ ಚಂದಾ ಕಟ್ಟಿದವರಿಗೆ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ಬಿದ್ದಿತ್ತು. ಅವರು ಹೋಗುತ್ತಿದ್ದದ್ದೇ ಅಷ್ಟು ಕಮ್ಮಿ. ಕೊನೆಯ ಸಲ ಹೋದದ್ದಕ್ಕೂ ಸದಸ್ಯತ್ವ ರದ್ದು ಮಾಡಿದ್ದಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗಿಂತ ಹೆಚ್ಚು ಅಂತರವಿತ್ತು. ತನ್ನಷ್ಟಕ್ಕೇ ನವೀಕರಣವಾಗುವ ಕೋರ್ಸಿನಲ್ಲಿ ಆಗುವುದೂ ಇದೇ.

ನಮ್ಮ ದೇಶದಲ್ಲಿ ಇದಕ್ಕೆ ತಡೆ ಹಾಕುವ ನಿಯಮಗಳಿವೆ, ತಿಳಿದವರು ಕಮ್ಮಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತವಾಗುವುದಿದ್ದರೆ ಕನಿಷ್ಠ 24 ತಾಸು ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು, ಬೇಡವೆನ್ನಲು ಅವಕಾಶ ಇರಬೇಕು. ಪ್ರತಿ ಸಲ ಒಟಿಪಿ ಇಲ್ಲದೆ ಕಡಿತ ಮಾಡಬಹುದಾದ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನಿನಲ್ಲಿ 15,000ಕ್ಕೆ ಏರಿತು. 2020ರ ಜುಲೈಯಲ್ಲಿ ಬಂದ ಯುಪಿಐ ಆಟೊಪೇಯಲ್ಲಿ ಒಪ್ಪಿಗೆ ಕೊಟ್ಟಿದ್ದರೆ, ಅದನ್ನು ಯುಪಿಐ ಆ್ಯಪಿನಲ್ಲೇ ನೋಡಿ ರದ್ದು ಮಾಡಬಹುದು. ಕೋರ್ಸಿನವರ ಅಪ್ಪಣೆ ಬೇಕಾಗಿಲ್ಲ.

ಕೇಂದ್ರ ಶಿಕ್ಷಣ ಇಲಾಖೆ 2021ರ ಡಿಸೆಂಬರಿನಲ್ಲಿ ಎಡ್‌ಟೆಕ್ ಕಂಪನಿಗಳ ಬಗ್ಗೆ ಪೋಷಕರಿಗೆ ಕೊಟ್ಟ ಸಲಹೆಯಲ್ಲಿ ಚಂದಾಕ್ಕೆ ಆಟೊ ಡೆಬಿಟ್ ಒಪ್ಪಿಗೆ ಕೊಡದಿರುವುದು ಒಳ್ಳೆಯದು ಎಂದೇ ಹೇಳಿತ್ತು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಚಂದಾದ ಬಲೆ ಅವುಗಳಲ್ಲಿ ಒಂದು. ಸೇರಲು ಒಂದು ಗುಂಡಿ, ಬಿಡಲು ಹತ್ತು ಪುಟ ಎಂಬಂಥ ಏರ್ಪಾಡು, ಉಚಿತ ಎಂದು ಹೇಳಿ ಮೊದಲೇ ಕಾರ್ಡಿನ ವಿವರ ಕೇಳುವುದು ಇದರಲ್ಲಿ ಸೇರುತ್ತವೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮುಂಗಡ ಕಟ್ಟುವುದರ ಅಪಾಯಕ್ಕೆ ಹತ್ತಿರದ ಉದಾಹರಣೆ ಬೆಂಗಳೂರಿನದೇ. 2022ರಲ್ಲಿ 2,200 ಕೋಟಿ ಡಾಲರಿನ ಕಂಪನಿ ಎನ್ನಿಸಿಕೊಂಡಿದ್ದ ಬೈಜೂಸ್ ಮೇಲೆ 2024ರ ಜುಲೈಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಎರಡು–ಮೂರು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟುವವರು, ಅಷ್ಟು ದಿನ ಕಂಪನಿ ಇರುತ್ತದೆಯೇ ಎಂದೂ ಯೋಚಿಸಬೇಕಾದ ಕಾಲ ಇದು. ಖಾಸಗಿಯವರಷ್ಟೇ ಅಲ್ಲ. ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಯುಜಿಸಿ ಮಾನ್ಯತೆ ಮುಂದುವರಿಯದೆ, 2018ರಲ್ಲಿ ಮತ್ತೆ ಸಿಗುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ನಮಗೆ ಗೊತ್ತು. ನವೀಕರಣದ ದಿನಾಂಕ ಕಲಿಯುವವರಿಗೆ ಮಾತ್ರ ಇರುವುದಲ್ಲ, ಕಲಿಸುವ ಸಂಸ್ಥೆಗೂ ಇರುತ್ತದೆ.

ಮಳೆ, ಆಟ, ಮೀನುಗಾರಿಕೆ

ಮಹಾನಗರದ ಸಂಬಳದಾರರಿಗೆ ಪ್ರತಿ ತಿಂಗಳೂ ಒಂದೇ. ಕರಾವಳಿಯಲ್ಲಿ ಹಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯಲ್ಲೂ ಹಂಗಾರಕಟ್ಟೆಯಲ್ಲೂ ಬೋಟುಗಳು ದಡ ಸೇರುತ್ತವೆ; ಆ ಮನೆಗಳಲ್ಲಿ ಬಿಡುವು ಹೆಚ್ಚು, ಕೈಯಲ್ಲಿ ಹಣ ಕಮ್ಮಿ. ಮಾರಣಕಟ್ಟೆಯಂಥ ಮೇಳಗಳ ಹೆಚ್ಚಿನ ಕಲಾವಿದರಿಗೂ ಮಳೆಗಾಲ ಬಿಡುವಿನ ಕಾಲ. ಹೊಸಬರಿಗೆ ಕಲಿಸಲು, ತಾವೂ ಹೊಸ ಪ್ರಸಂಗ ಓದಿಕೊಳ್ಳಲು ಸಿಗುವ ನಾಲ್ಕೈದು ತಿಂಗಳು. ತಿರುಗಾಟ ಶುರುವಾದ ಮೇಲೆ ರಾತ್ರಿ ಆಟ, ಹಗಲು ನಿದ್ದೆ. ಕೃಷಿಕರಿಗೆ ನಾಟಿಯ ಹೊತ್ತು, ಕೊಯ್ಲಿನ ಹೊತ್ತು, ಅಡಿಕೆ ಸುಲಿಯುವ ಹೊತ್ತು ಬೇರೆ ಬೇರೆ. ಪಿಯುಸಿಯವರಿಗೆ ಫೆಬ್ರವರಿಯಿಂದ ಮೇವರೆಗೆ ಪರೀಕ್ಷೆಯ ಮೇಲೆ ಪರೀಕ್ಷೆ.

ಕಲಿಯಲು ಬಿಡುವಿರುವ ಮಳೆಗಾಲದಲ್ಲೇ ಕರೆಂಟು ಕೈಕೊಡುವುದೂ ಹೆಚ್ಚು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಮರ ಬಿದ್ದು ತಂತಿ ತುಂಡಾದರೆ ಟವರೂ ಸುಮ್ಮನಾಗುತ್ತದೆ. ಇಂಥ ವಾರದಲ್ಲಿ ತಾಣಕ್ಕೆ ಬಾರದವರನ್ನು ಆಸಕ್ತಿ ಕಳೆದುಕೊಂಡವರ ಪಟ್ಟಿಗೆ ಸೇರಿಸುವ ಯಂತ್ರಕ್ಕೆ ನಮ್ಮ ಆಷಾಢ ಗೊತ್ತಿಲ್ಲ.

ಹೀಗಿರುವಾಗ ಸೇರಿದ ದಿನದಿಂದ 365 ದಿನ ಎಣಿಸಿ ಬಾಗಿಲು ಹಾಕುವುದು ಇಲ್ಲಿಗೆ ಹೊಂದುವುದಿಲ್ಲ. ನವೆಂಬರಿನಲ್ಲಿ ಸೇರಿದ ಮೇಳದ ಕಲಾವಿದರಿಗೆ ಆ ವರ್ಷದಲ್ಲಿ ದಕ್ಕುವುದು ಒಂದು ಮಳೆಗಾಲ ಮಾತ್ರ. ಅವರಿಗೆ ಬೇಕಾದದ್ದು ನಡುವೆ ನಿಲ್ಲಿಸಿಡುವ ಅವಕಾಶ: ತಿರುಗಾಟದ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯದೆ, ಮಳೆಗಾಲದಲ್ಲಿ ಉಳಿದ ದಿನಗಳನ್ನು ಮತ್ತೆ ತೆರೆಯುವುದು. ತಂತ್ರಾಂಶಕ್ಕೆ ಇದು ಕಷ್ಟದ ಕೆಲಸವಲ್ಲ. ಮುಕ್ತಾಯದ ದಿನಾಂಕವನ್ನು ಮುಂದೂಡಿದರೆ ಆಯಿತು.

ಮಕ್ಕಳ ಮೇಲಿನ ಕಣ್ಣು

ಪ್ರಗತಿಯನ್ನು ಗಮನಿಸುವುದಕ್ಕೂ ಬೆನ್ನು ಹತ್ತುವುದಕ್ಕೂ ನಡುವೆ ಗೆರೆ ತೆಳ್ಳಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ವಿವರ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು; ಅವರ ಚಲನವಲನ ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಕಲಿಕೆಯ ಉದ್ದೇಶದ ಮಟ್ಟಿಗೆ ವಿನಾಯಿತಿ ಕೊಟ್ಟಿವೆ. ಮುಖ್ಯ ಹೊಣೆಗಾರಿಕೆಗಳಿಗೆ ಹೊಂದಿಕೊಳ್ಳಲು ಹದಿನೆಂಟು ತಿಂಗಳ ಕಾಲಾವಕಾಶವಿದೆ.

ಪಿಯುಸಿ ಮಕ್ಕಳಿಗೆ ಕಲಿಸುವ ಸಣ್ಣ ತಾಣದವರೂ ಇದರಿಂದ ಹೊರತಲ್ಲ. ಹುಡುಗಿ ಯಾವ ಲೆಕ್ಕದಲ್ಲಿ ಎಡವುತ್ತಿದ್ದಾಳೆ ಎಂದು ತಿಳಿದುಕೊಳ್ಳುವುದು ಶಿಕ್ಷಕರ ಕೆಲಸ. ಅವಳು ರಾತ್ರಿ ಎಷ್ಟು ಹೊತ್ತಿಗೆ ಫೋನ್ ತೆರೆಯುತ್ತಾಳೆ ಎಂಬುದನ್ನು ಹಿಡಿದು ಅಪ್ಪನಿಗೆ ದುಬಾರಿ ಪ್ಯಾಕೇಜ್ ಮಾರುವುದು ಬೇರೆ ಕೆಲಸ. ಒಂದೇ ದಾಖಲೆಯಿಂದ ಎರಡೂ ಸಾಧ್ಯವಿರುವುದರಿಂದ, ಬೇಡದ್ದನ್ನು ದಾಖಲಿಸದೆ ಇರುವುದೇ ಸುರಕ್ಷಿತ. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ಅಂಕ, ಯಾರ ಶುಲ್ಕ ಬಾಕಿ ಎಂಬ ಪಟ್ಟಿ ಹಾಕುವ ಅಭ್ಯಾಸವನ್ನೂ ಬಿಡಬೇಕು.

ಸಣ್ಣ ತಾಣಕ್ಕೆ ಸಾಕಾಗುವ ಕ್ರಮ

ಕೋಟದಲ್ಲೋ ಉಪ್ಪುಂದದಲ್ಲೋ ಕೂತು ನಲವತ್ತು–ಐವತ್ತು ಜನರಿಗೆ ಕಲಿಸುವವರಿಗೆ ದೊಡ್ಡ ತಂತ್ರಾಂಶ ಬೇಡ. ಒಂದು ಹಾಳೆಯಲ್ಲಿ ಆರು ಖಾನೆ ಸಾಕು: ಹೆಸರು, ಫೋನ್, ಸೇರಿದ ದಿನ, ಕೊನೆಯದಾಗಿ ಮಾಡಿ ಕಳಿಸಿದ ಅಭ್ಯಾಸ, ಅದು ಬಂದ ದಿನ, ಚಂದಾ ಮುಗಿಯುವ ದಿನ. ನೋಡಿದ ವಿಡಿಯೊ ಈ ಪಟ್ಟಿಯಲ್ಲಿ ಇಲ್ಲ. ಎಣಿಸಬೇಕಾದದ್ದು ಸದಸ್ಯರು ಮಾಡಿ ತೋರಿಸಿದ್ದನ್ನು. ಹೊಲಿಗೆಯಲ್ಲಿ ಅದು ಹೊಲಿದ ಬ್ಲೌಸಿನ ಚಿತ್ರ, ಯಕ್ಷಗಾನದಲ್ಲಿ ಹೆಜ್ಜೆಯ ವಿಡಿಯೊ, ಸಿಎಯಲ್ಲಿ ಸಮಯ ಹಿಡಿದು ಬರೆದ ಉತ್ತರ.

ಈ ಹಾಳೆಯನ್ನು ವಾರಕ್ಕೊಮ್ಮೆ ನೋಡಿದರೆ ಸದಸ್ಯರು ನಾಲ್ಕು ಬಗೆಯಾಗಿ ಕಾಣುತ್ತಾರೆ. ಹಣ ಕಟ್ಟಿ ಶುರುವೇ ಮಾಡದವರು, ನಡುವೆ ನಿಂತವರು, ನಡೆಯುತ್ತಿರುವವರು, ಮುಗಿಸಿದವರು. ಶುರುಮಾಡದವರಿಗೆ ಮೊದಲ ವಾರದಲ್ಲೇ ಫೋನ್ ಮಾಡಬೇಕು. ತಾಣದೊಳಗೆ ಹೋಗುವುದು ಗೊತ್ತಾಗದೆ, ಕೇಳಲು ಸಂಕೋಚಪಟ್ಟು ಸುಮ್ಮನಿರುವವರು ಅವರಲ್ಲಿ ಇರುತ್ತಾರೆ. ಎರಡು ವಾರ ನಿಂತವರಿಗೂ ಫೋನೇ ಒಳ್ಳೆಯದು. ‘ಎಂತ ಆಯ್ತ್ ಮಾರಾಯ್ರೆ, ಕಾಂಬುಕೇ ಇಲ್ಲೆ’ ಎಂಬ ಒಂದು ಮಾತಿಗೆ ಸಿಗುವ ಉತ್ತರ, ಹತ್ತು ಇಮೇಲಿಗೆ ಸಿಗುವುದಿಲ್ಲ. ಮನೆಯಲ್ಲಿ ಮದುವೆಯೋ, ಪಾಠ ಕಷ್ಟವಾಯಿತೋ, ಫೋನ್ ಹಾಳಾಯಿತೋ ಎಂಬುದು ಆಗ ಗೊತ್ತಾಗುತ್ತದೆ. ಒಂದೇ ಪಾಠದಲ್ಲಿ ಹಲವರು ನಿಂತಿದ್ದರೆ ತಪ್ಪು ಅವರದಲ್ಲ, ಆ ಪಾಠವನ್ನು ಬದಲಿಸಬೇಕು.

ಒಟ್ಟು ಸದಸ್ಯರ ಸಂಖ್ಯೆಯನ್ನು ಮಾತ್ರ ನೋಡಿ ಸಮಾಧಾನಪಡುವುದೂ ಸರಿಯಲ್ಲ. ಜೂನಿನಲ್ಲಿ ನೂರು ಜನ ಸೇರಿ, ಸೆಪ್ಟೆಂಬರಿಗೆ ನಲವತ್ತು ಜನ ಬಿಟ್ಟು, ಅಷ್ಟೇ ಹೊಸಬರು ಬಂದರು ಎಂದಿಟ್ಟುಕೊಳ್ಳಿ. ಒಟ್ಟು ಲೆಕ್ಕ ನೂರಾಗಿಯೇ ಇರುತ್ತದೆ, ಸೋರಿಕೆ ಕಾಣಿಸುವುದಿಲ್ಲ. ಜೂನಿನ ತಂಡ, ಸೆಪ್ಟೆಂಬರಿನ ತಂಡ ಎಂದು ಬೇರೆ ಬೇರೆ ಬರೆದು, ಪ್ರತಿ ತಂಡದಲ್ಲಿ ತಿಂಗಳು ತಿಂಗಳು ಉಳಿದವರೆಷ್ಟು ಎಂದು ನೋಡಿದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಬಿಟ್ಟವರಲ್ಲೂ ಎರಡು ಬಗೆ. ಬೇಡವೆಂದು ಬಿಟ್ಟವರು ಒಂದು. ಖಾತೆಯಲ್ಲಿ ಹಣವಿಲ್ಲದೆಯೋ, ಕಾರ್ಡಿನ ಅವಧಿ ಮುಗಿದೋ ಪಾವತಿ ವಿಫಲವಾಗಿ ಹೊರಬಿದ್ದವರು ಇನ್ನೊಂದು. ಎರಡನೆಯವರ ಪಾಠವನ್ನು ಆ ಕ್ಷಣಕ್ಕೇ ಮುಚ್ಚದೆ, ಒಂದೆರಡು ವಾರ ತೆರೆದಿಟ್ಟು ತಿಳಿಸಿದರೆ ಹಲವರು ಮರಳುತ್ತಾರೆ.

ನವೀಕರಣದ ಸಂದೇಶ ಚಂದಾ ಮುಗಿಯುವ ತಿಂಗಳು ಮೊದಲೊಮ್ಮೆ, ವಾರ ಮೊದಲೊಮ್ಮೆ ಹೋದರೆ ಸಾಕು. ಅದರಲ್ಲಿ ಮೊದಲು ಬರಬೇಕಾದದ್ದು ಕಲಿಕೆಯ ಲೆಕ್ಕ: ಇಷ್ಟು ಅಭ್ಯಾಸ ಮಾಡಿ ಕಳಿಸಿದ್ದೀರಿ, ಇಷ್ಟು ಬಾಕಿ ಇದೆ, ಇಂಥದ್ದರಲ್ಲಿ ಇನ್ನಷ್ಟು ಪಳಗಬೇಕು. ಆಮೇಲೆ ಮೊತ್ತ, ದಿನಾಂಕ, ಬೇಡವೆಂದರೆ ಏನು ಮಾಡಬೇಕು ಎಂಬುದು. ನಡುವೆ ನಿಂತವರಿಗೆ ಹೊಸ ವರ್ಷದ ಚಂದಾ ಕೇಳುವ ಬದಲು ಹಳೆಯದನ್ನೇ ಮುಗಿಸಲು ಎರಡು ತಿಂಗಳು ಕೊಡಬೇಕು. ಮುಗಿಸಿದವರಿಗೆ ಮುಂದಿನ ಹಂತ ಇದ್ದರೆ ಹೇಳಬೇಕು. ಇಲ್ಲದಿದ್ದರೆ ‘ನಿಮ್ಮ ಪಾಠ ಮುಗಿಯಿತು, ಮತ್ತೆ ಕಟ್ಟುವುದು ಬೇಡ’ ಎನ್ನಬೇಕು.

ಕಟ್ಟುವವರೂ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿದರೆ ಒಳ್ಳೆಯದು. ನನ್ನ ಮಗ ಮಾಡಿದ ಅಭ್ಯಾಸವನ್ನು ತಿದ್ದುವವರು ಯಾರು? ನಡುವೆ ಎರಡು ತಿಂಗಳು ನಿಲ್ಲಿಸಬೇಕಾದರೆ ಅವಕಾಶ ಇದೆಯೇ? ಬಿಡಬೇಕೆಂದರೆ ಹೇಗೆ? ಮೂರಕ್ಕೂ ಫೋನಿನಲ್ಲೇ ನೇರ ಉತ್ತರ ಕೊಡದವರಿಗೆ ವರ್ಷದ ಹಣ ಒಟ್ಟಿಗೆ ಕಟ್ಟುವ ಅಗತ್ಯವಿಲ್ಲ.

ಮುಗಿಸಿದವರನ್ನು ಹೀಗೆ ಬಿಟ್ಟುಕೊಟ್ಟರೆ ವ್ಯಾಪಾರ ನಡೆಯುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಮಹಾನಗರದ ಕಂಪನಿಗೆ ಆ ಪ್ರಶ್ನೆ ಕಠಿಣವಿರಬಹುದು, ಅದಕ್ಕೆ ಪ್ರತಿ ಹೊಸ ಸದಸ್ಯರನ್ನೂ ಜಾಹೀರಾತಿನ ಹಣದಿಂದ ತರಬೇಕು. ನಮ್ಮ ಮೂರು ತಾಲೂಕುಗಳಲ್ಲಿ ಕೋರ್ಸಿಗೆ ಜನ ಬರುವುದು ಬಾಯಿಮಾತಿನಿಂದ: ಅಕ್ಕ ಪಾಸಾದಳು ಎಂದು ತಂಗಿ, ಹೊಲಿಗೆ ಕಲಿತು ಅಂಗಡಿ ಹಾಕಿದರು ಎಂದು ನೆರೆಮನೆಯವರು. ಮರೆತು ಎರಡು ವರ್ಷ ಚಂದಾ ಕಟ್ಟಿದವರು ತಮ್ಮ ತಂಗಿಯನ್ನು ಅಲ್ಲಿಗೆ ಕಳಿಸುವುದಿಲ್ಲ. ಅಂಥವರಿಂದ ಬರುವ ಹಣ ಅವರಿಗೆ ನೆನಪಾಗುವವರೆಗೆ ಮಾತ್ರ. ಮುಗಿಸಿ ಹೋದವರು ತರುವ ಹೆಸರು ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ತಾಣ ನಡೆಸುವವರು ವರ್ಷದ ಕೊನೆಗೆ ಎಷ್ಟು ಜನ ನವೀಕರಿಸಿದರು ಎನ್ನುವುದಕ್ಕಿಂತ ಮೊದಲು, ಮುಗಿಸಿದವರು ಎಷ್ಟು ಜನರನ್ನು ಕಳಿಸಿದರು ಎಂದು ಎಣಿಸಲಿ. ಆ ಒಂದು ಸಂಖ್ಯೆಯಲ್ಲಿ ಎರಡೂ ಲೆಕ್ಕಗಳು ಕೂಡಿಕೊಳ್ಳುತ್ತವೆ.